ಜಾಲಿ ಕಟ್ಟಿಗೆಯ ಆರು ಕುರ್ಚಿ

ಕಳೆದ ತಿಂಗಳು ಬ್ಯಾಡಗಿಯಲ್ಲಿ ರೈಲಿನಿಂದ ಇಳಿದು ಇನ್ನೂ ನಿಲ್ದಾಣದ ಹೊರಗೆ ಕಾಲಿಟ್ಟಿರಲಿಲ್ಲ, ಮೆಣಸಿನಕಾಯಿಯ ಘಾಟು ಬಂದು ಗಂಟಲಿಗೆ ಬಡಿಯಿತು. ಸುಗ್ಗಿಯ ದಿನಗಳಲ್ಲಿ ಆ ಊರಿನ ಗಾಳಿಯೇ ಹಾಗೆ. ಹೊಸಬರು ಕೆಮ್ಮುತ್ತಾರೆ, ಊರವರು ನಗುತ್ತಾರೆ. ನನಗೆ ಕೆಮ್ಮು ಬರಲಿಲ್ಲ. ಬಲಗೈಯ ಮೂಳೆ ಒಮ್ಮೆ ಚುಳ್ಳೆಂದಿತು, ಅಷ್ಟೆ. ಆ ಮೂಳೆ ಮುರಿದದ್ದು ಇದೇ ಊರಿನಲ್ಲಿ, ಇದೇ ಘಾಟಿನ ದಿನಗಳಲ್ಲಿ. ಅದಾದ ಮೇಲೆ ಬ್ಯಾಡಗಿಯಿಂದ ನನಗೆ ಒಂದು ಸ್ಟೂಲಿನ ಕೆಲಸವೂ ಬಂದಿರಲಿಲ್ಲ. ಈಗ ಕರೆದವರು ಹೊರಗಿನಿಂದ ಬಂದು ನೆಲೆಸಿದ ವೈದ್ಯ ದಂಪತಿ. ಹಳೆಯದೇನೂ ಗೊತ್ತಿಲ್ಲದವರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ಹುಬ್ಬಳ್ಳಿಯ ಒಂದು ಫರ್ನಿಚರ್ ಶೋರೂಮಿನಲ್ಲಿ ಬೇರೆಯವರ ಕ್ಯಾಟಲಾಗು ನೋಡಿ ನಕ್ಷೆ ತೆಗೆಯುವ ನೌಕರಿ ಬಿಟ್ಟು ನಾನು ನಮ್ಮೂರು ರಾಣೆಬೆನ್ನೂರಿಗೆ ಬಂದಿದ್ದೆ. ಸ್ವಂತಕ್ಕೆ ಮಾಡಬೇಕು, ನನ್ನದೇ ವಿನ್ಯಾಸ ಮಾಡಬೇಕು ಎಂಬ ಹಟ. ಬಟ್ಟೆ ಅಂಗಡಿ ನಡೆಸುತ್ತಿದ್ದ ಅಪ್ಪ, "ಹೆಣ್ಣುಮಗಳು ಕಟ್ಟಿಗಿ ಕೆಲಸಾ ಮಾಡ್ತಾಳಂದ್ರ ಮಂದಿ ಏನಂತಾರ?" ಎಂದು ಗೊಣಗಿದರೂ ಹಲಗೇರಿ ರಸ್ತೆಯಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದುಕೊಟ್ಟರು. ಮಾನಪ್ಪ ಎಂಬ ಬಡಿಗ ಜೊತೆಯಾದ. ಮೂಗಿನ ತುದಿಯಲ್ಲೇ ಸಿಟ್ಟು. ಸಿಟ್ಟು ಬಂದರೆ ಮಾತಾಡುತ್ತಿರಲಿಲ್ಲ, ಬಾಚಿ ತೆಗೆದುಕೊಂಡು ಮೂಲೆಯಲ್ಲಿದ್ದ ಯಾವುದಾದರೂ ಕೊರಡನ್ನು ಕೊಚ್ಚುತ್ತಿದ್ದ. ಶಾಲೆಯ ಬೆಂಚು, ದೇವರ ಮಂಟಪ, ಮದುವೆಗೆ ಕೊಡುವ ಮಂಚ, ಇಂಥವು ಬರುತ್ತಿದ್ದವು. ವಿನ್ಯಾಸ ಕೇಳಿ ಬರುವವರು ಯಾರೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮಲ್ಲಣ್ಣ ಹೇಳಿಕಳಿಸಿದ. ಹೊಸ ಮನೆ ಕಟ್ಟಿಸಿದ್ದ. ಇಡೀ ಮನೆಯ ಸಾಮಾನು ನಾನೇ ಮಾಡಬೇಕು. "ಹುಬ್ಬಳ್ಳ್ಯಾಗೂ ಇರಬಾರದ್ರಿ ಮೇಡಮ್ಮಾರ, ಅಂಥಾವು ಬೇಕು. ಚಲೋ ಆದ್ರ ಪ್ಯಾಟ್ಯಾಗಿನ ಎಲ್ಲಾ ಮಂದಿ ಮನೀ ಕೆಲಸಾ ನಿಮಗ ಕೊಡಸ್ತೀನಿ" ಎಂದ. ಅವನ ಮಾತಿಗೆ ಮಾರುಕಟ್ಟೆಯಲ್ಲಿ ತೂಕವಿತ್ತು. ದೊಡ್ಡ ದನಿ, ದೊಡ್ಡ ನಗು. ಬಂದವರಿಗೆ ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ನನಗೆ ಅವನು ಹಿಡಿಸಿದ.

ಅಳತೆ ತೆಗೆಯಲು ಹೋದ ದಿನ ಮನೆಯಲ್ಲಿ ಅವನ ಹೆಂಡತಿ ಕಸ್ತೂರಿ ಮತ್ತು ತಾಯಿ ನೀಲವ್ವ ಇಬ್ಬರೇ ಇದ್ದರು. ಊಟದ ಕೋಣೆಯಲ್ಲಿದ್ದ ಹಳೆಯ ಕುರ್ಚಿಗಳನ್ನು ನೋಡಿದೆ. ಒಂದಕ್ಕೂ ಕಾಲು ನೆಟ್ಟಗಿರಲಿಲ್ಲ. ತಂತಿ ಸುತ್ತಿದ್ದರು, ಮೊಳೆ ಬಡಿದಿದ್ದರು, ಒಂದರ ಬೆನ್ನೇ ಹೋಗಿತ್ತು. ಹೊಸ ಮನೆಯ ಗೋಡೆಗೆ ಹಚ್ಚಿದ ಬಣ್ಣ ಇನ್ನೂ ಹೊಳೆಯುತ್ತಿತ್ತು, ಆದರೆ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಗಿಲಾವು ಕಿತ್ತು ಇಟ್ಟಿಗೆ ಕಾಣುತ್ತಿತ್ತು. ಕುರ್ಚಿಯ ಕಾಲು ಬಡಿದ ಗುರುತು. ಒಂದಲ್ಲ, ನಾಲ್ಕಾರು. ಕೈಯಲ್ಲಿದ್ದ ಟೇಪನ್ನು ರೂಢಿಯಂತೆ ನೆಲದಿಂದ ಆ ಗುರುತಿನವರೆಗೆ ಎಳೆದೆ.

"ಅದನ್ಯಾಕ ಅಳೀತೀರಿ?" ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಕೇಳಿದಳು.

"ಸುಮ್ನ ನೋಡಿದೆ ರಿ."

"ಅಳ್ಯಾಕ ಬ್ಯಾಡ್ರಿ. ಅದು ನನ್ನ ತಲೀ ಎತ್ತರಾನ ಐತಿ."

ಒಳಗೆ ನೀಲವ್ವ ರೊಟ್ಟಿ ಬಡಿಯುತ್ತಿದ್ದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಾನು ಟೇಪು ಸುತ್ತಿಕೊಂಡೆ.

ವಾರ ಕಳೆದಿರಬೇಕು. ದೇವರಗುಡ್ಡಕ್ಕೆ ಹರಕೆ ಒಪ್ಪಿಸಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಕಸ್ತೂರಿ ನಮ್ಮ ಶೆಡ್ಡಿಗೆ ಬಂದಳು. ಹಣೆಯಲ್ಲಿ ಭಂಡಾರದ ಅರಿಶಿನ ಹಾಗೇ ಇತ್ತು. ನಾನು ತೆಗೆದಿದ್ದ ಕುರ್ಚಿಯ ನಕ್ಷೆ ತೋರಿಸಿದೆ. ಸಾಗವಾನಿಯದು, ತೆಳುವಾದ ಕಾಲು, ಒಂದೇ ಕೈಯಲ್ಲಿ ಎತ್ತಿ ಎಲ್ಲಿಗೆ ಬೇಕಾದರೂ ಇಡಬಹುದು. ಹುಬ್ಬಳ್ಳಿಯಲ್ಲಿ ಕಲಿತದ್ದೆಲ್ಲ ಅದರಲ್ಲಿತ್ತು. ಅವಳು ಅದನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಹಗುರ ಬ್ಯಾಡ್ರಿ. ಗಂಡಸು ಎರಡೂ ಕೈಲೆ ಹಿಡದ್ರೂ ಎತ್ತಾಕ ಬರಬಾರದು. ಅಂಥಾವು ಮಾಡಿಕೊಡ್ರಿ."

"ಅವ್ರು ಏನಂತಾರ?"

"ಭಾರದ್ದು ಅಂದ್ರ ಅವ್ರಿಗೆ ಖುಷೀನ ರಿ. ಭಾರ ಇದ್ರ ಖರೇ ಮಾಲು ಅಂತ ತಿಳಕೊಂಡಾರ." ಆಮೇಲೆ ಅವಳು ಸೆರಗು ಸರಿಸಿ, ಕಿವಿಯ ಹಿಂದಿನ ಕೂದಲನ್ನು ಎತ್ತಿ ತೋರಿಸಿದಳು. ಹೊಲಿಗೆ ಬಿಚ್ಚಿದ ಗಾಯ, ಇನ್ನೂ ಕೆಂಪಗಿತ್ತು. "ಕೈಲೆ ಬಡದ್ರ ತಡಕೊಂತೀನ್ರಿ. ಕುರ್ಚಿ ಬಂದ್ರ ಸಾಯ್ತೀನಿ."

ಅವಳು ಹೋದ ಮೇಲೆ ಮಾನಪ್ಪ ಹಲಗೆ ಹೆರೆಯುತ್ತಿದ್ದ ರಂದಾ ಕೆಳಗಿಟ್ಟ. "ಅಕ್ಕಾರ, ನಾವು ಕುರ್ಚಿ ಮಾಡಾವ್ರು. ಮಂದಿ ಸಂಸಾರ ರಿಪೇರಿ ಮಾಡಾವ್ರಲ್ಲ. ಆಕೀ ತವರಮನ್ಯಾವ್ರಿಗೆ ಹೇಳಾಕ ಏನಾಗೇತಿ?"

"ಹೇಳಿರ್ಬೇಕು ಮಾನಪ್ಪಾ. ಹೊಳ್ಳಿ ಕಳಿಸಿರ್ತಾರ."

ಅವನು ಮೂಲೆಗೆ ಹೋಗಿ ಒಂದು ಕೊರಡನ್ನು ಚೂರುಚೂರು ಮಾಡಿದ. ಸಂಜೆ ಹೊತ್ತಿಗೆ ತಾನೇ ಬಂದು, "ಸಾಗವಾನಿ ಬ್ಯಾಡ. ಜಾಲಿ ತರ್ಸೂಣು" ಎಂದ.

ಜಾಲಿ ಚಕ್ಕಡಿಯ ಗಾಲಿಗೆ ಹಾಕುವ ಕಟ್ಟಿಗೆ. ಕಬ್ಬಿಣದಷ್ಟು ಗಟ್ಟಿ, ಉಳಿಯ ಬಾಯಿ ಮುರಿಯುತ್ತದೆ, ಗರಗಸ ಕಿರುಚುತ್ತದೆ, ಸಿಬಿರು ಅಂಗೈಗೆ ಹೊಕ್ಕರೆ ಕೀವಾಗದೆ ಹೊರಬರುವುದಿಲ್ಲ. ಆ ತಿಂಗಳೆಲ್ಲ ಮಾನಪ್ಪನ ಕೈ, ನನ್ನ ಕೈ ಎರಡೂ ರಕ್ತ. ಆದರೆ ನನ್ನ ಜೀವನದಲ್ಲಿ ಮೊದಲ ಸಲ ನಾನು ಯಾವ ಕ್ಯಾಟಲಾಗನ್ನೂ ತೆರೆಯದೆ ಒಂದು ವಸ್ತು ಮಾಡುತ್ತಿದ್ದೆ. ಅಗಲವಾದ ಕೂರುವ ಹಲಗೆ, ಅದರ ಕೆಳಗೆ ಪೆಟ್ಟಿಗೆಯ ಹಾಗೆ ಮುಚ್ಚಿದ ಕಟ್ಟು, ಆ ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದಂತೆ ಕೂರಿಸಿದ ಕಬ್ಬಿಣದ ಪಟ್ಟಿ. ಬೆನ್ನಿನ ಮೇಲಂಚನ್ನು ಬೇಕೆಂದೇ ದಪ್ಪಗೆ, ದುಂಡಗೆ ಮಾಡಿದೆ, ಕೈಗೆ ಹಿಡಿತ ಸಿಗಬಾರದೆಂದು. ಕಾಲಿನ ತಳಕ್ಕೆ ದಪ್ಪ ಜಮಖಾನೆಯ ತುಂಡು ಅಂಟಿಸಿದೆವು. ಹೆಂಗಸು ತಳ್ಳಿದರೆ ಸರಿಯಬೇಕು, ಗಂಡಸು ಎತ್ತಿದರೆ ಮೇಲೇಳಬಾರದು. ಎಣ್ಣೆ ಹಚ್ಚಿ ಒರೆಸಿದಾಗ ಕಟ್ಟಿಗೆ ಕೆಂಪು ಕಂದಾಗಿ ಮಿನುಗಿತು. ನಿಜ ಹೇಳಬೇಕೆಂದರೆ ಅವು ಚೆಂದ ಇದ್ದವು.

ಆರು ಕುರ್ಚಿಗಳನ್ನು ಟೆಂಪೊದಿಂದ ಇಳಿಸಲು ಮಲ್ಲಣ್ಣ ತನ್ನ ಅಂಗಡಿಯ ಹಮಾಲರನ್ನು ಕರೆಸಿದ. ಮೆಣಸಿನಕಾಯಿ ಚೀಲವನ್ನು ಹೂವಿನಂತೆ ಎಸೆಯುವ ಆಳುಗಳು ಒಂದೊಂದು ಕುರ್ಚಿಗೆ ಇಬ್ಬಿಬ್ಬರು ಬೇಕಾದರು. ಅವನಿಗೆ ಹಿಗ್ಗೋ ಹಿಗ್ಗು. "ನೋಡ್ರಲೇ, ಮಾಲು ಅಂದ್ರ ಇದು!" ಎಂದು ಬೀದಿಯವರನ್ನೆಲ್ಲ ಕರೆದು ಕೂರಿಸಿದ. ಇನ್ನಿಬ್ಬರು ವ್ಯಾಪಾರಿಗಳು ಅಲ್ಲೇ ನಿಂತು ತಮ್ಮ ಮನೆಗೂ ಬಂದು ಹೋಗಲು ಹೇಳಿದರು. ಕಸ್ತೂರಿ ನನಗೆ ಚಹಾ ಕೊಡುವಾಗ ಕಣ್ಣೆತ್ತಿ ನೋಡಲಿಲ್ಲ. ಕಪ್ಪಿನ ಜೊತೆ ನನ್ನ ಬೆರಳನ್ನು ಒಮ್ಮೆ ಒತ್ತಿದಳು.

ಮಾರ್ಚ್ ತಿಂಗಳ ಬಿಸಿಲು ಏರಿತ್ತು. ಮಾರುಕಟ್ಟೆಗೆ ಮೆಣಸಿನಕಾಯಿ ಬಂದು ಬೀಳುತ್ತಲೇ ಇತ್ತು. ರಸ್ತೆ, ಅಂಗಳ, ಮಾಳಿಗೆ ಎಲ್ಲ ಕೆಂಪು. ಊರಿನ ಕಣ್ಣೂ ಕೆಂಪಾಗಿತ್ತು. ಲಾರಿಯವರು ಹಮಾಲರ ಮೇಲೆ, ಹಮಾಲರು ಅಂಗಡಿಯವರ ಮೇಲೆ ಏರಿಹೋಗುತ್ತಿದ್ದರು. ನಾನು ಮಾನಪ್ಪನ ಜೊತೆ ಮಲ್ಲಣ್ಣನ ಮನೆಯ ಒಳಕೋಣೆಯಲ್ಲಿ ಕಪಾಟಿನ ಬಾಗಿಲು ಕೂರಿಸುತ್ತಿದ್ದೆ. ನಡುಮಧ್ಯಾಹ್ನ ಅವನು ಮನೆಗೆ ಬಂದ. ಅಂಗಿಯ ತೋಳು ಹರಿದಿತ್ತು. ಮೆಣಸಿನಕಾಯಿ ಹರಾಜಿನ ಸವಾಲಿನಲ್ಲಿ ಯಾರೊಂದಿಗೋ ಕೈಕೈ ಹತ್ತಿತ್ತಂತೆ, ನಾಲ್ಕು ಜನರ ಎದುರು ಕೆಳಗೆ ಬಿದ್ದಿದ್ದನಂತೆ. ಅದು ನನಗೆ ಆಮೇಲೆ ತಿಳಿಯಿತು. ಆಗ ಕೇಳಿಸಿದ್ದು ಸ್ಟೀಲಿನ ತಂಬಿಗೆ ಗೋಡೆಗೆ ಅಪ್ಪಳಿಸಿದ ಸದ್ದು.

"ನೀರಾಗ ಖಾರಾ ಬಿದ್ದೈತಿ! ಕಣ್ಣ ಕುಡ್ಡದಾವೇನ ನಿನ್ನವು?"

"ಗಾಳಿಗೆ ಬಿದ್ದಿರಬೇಕ್ರಿ, ಬ್ಯಾರೇ ತರ್ತೀನಿ..."

ನಾನು ಬಾಗಿಲಿಗೆ ಬಂದಾಗ ಅವನು ಕುರ್ಚಿಯ ಬೆನ್ನಿಗೆ ಎರಡೂ ಕೈ ಹಾಕಿದ್ದ. ಎಷ್ಟೋ ವರ್ಷದ ರೂಢಿಯಿಂದ ಕೈ ತಾನಾಗಿ ಅಲ್ಲಿಗೆ ಹೋಗಿತ್ತು. ಎಳೆದ. ಕುರ್ಚಿ ನೆಲ ಬಿಡಲಿಲ್ಲ. ಹಲ್ಲು ಕಚ್ಚಿ ಮತ್ತೆ ಮೇಲಕ್ಕೆ ಎಳೆದ. ಕತ್ತಿನ ನರ ಉಬ್ಬಿತು, ಕೈ ಜಾರಿತು, ಅವನೇ ಹಿಂದಕ್ಕೆ ಮುಗ್ಗರಿಸಿದ. ಅವನು ಕುರ್ಚಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಬಾಗಿಲಲ್ಲಿದ್ದ ನನ್ನನ್ನು ನೋಡಿದ. ಏನೋ ಹೊಳೆದಂತೆ ಅವನ ಮುಖ ಬದಲಾಯಿತು.

ಸುತ್ತ ಕಣ್ಣಾಡಿಸಿದವನಿಗೆ ಹೊಸ್ತಿಲ ಬಳಿ ತೆರೆದಿದ್ದ ಮಾನಪ್ಪನ ಸಾಮಾನಿನ ಚೀಲ ಕಂಡಿತು. ಅದರಿಂದ ಕೊಡತಿ ತೆಗೆದ. ಉಳಿಯನ್ನು ಬಡಿಯುವ ನಮ್ಮದೇ ಕಟ್ಟಿಗೆಯ ಸುತ್ತಿಗೆ. ಮೊದಲ ಏಟು ಕಸ್ತೂರಿಯ ಭುಜಕ್ಕೆ ಬಿತ್ತು. ಅವಳು ಕಿರುಚಲಿಲ್ಲ; ಗೋಡೆಗೆ ಆತು ಕೆಳಗೆ ಜಾರಿದಳು. ಎರಡನೆಯದಕ್ಕೆ ಅವನು ಕೈ ಎತ್ತಿದಾಗ ನಾನು ನಡುವೆ ಹೋಗಿದ್ದೆ. ಯಾಕೆ ಹೋದೆ, ಧೈರ್ಯವಿತ್ತೇ ಎಂದು ಕೇಳಿದರೆ ಗೊತ್ತಿಲ್ಲ. ತಲೆಗೆ ಅಡ್ಡವಾಗಿ ಬಲಗೈ ಎತ್ತಿದ್ದೆ. ಒಣ ಜೋಳದ ದಂಟು ಮುರಿದಂಥ ಸದ್ದು ಬಂತು. ನೋವು ಆಮೇಲೆ ಬಂತು.

"ಏ ಸೂಳೀಮಗನ!" ಎಂದು ಕೂಗುತ್ತ ಮಾನಪ್ಪ ಹಿಂದಿನಿಂದ ಬಂದು ಅವನ ಎರಡೂ ತೋಳುಗಳನ್ನು ಸೇರಿಸಿ ತಬ್ಬಿ ಹಿಡಿದ. ಇಬ್ಬರೂ ಮೇಜಿನ ಮೇಲೆ ಬಿದ್ದರು. ತಟ್ಟೆ, ರೊಟ್ಟಿ, ಪಲ್ಲೆ ಎಲ್ಲ ನೆಲಕ್ಕೆ. ಕೊಡತಿ ಉರುಳಿಕೊಂಡು ಕಸ್ತೂರಿಯ ಕಾಲ ಬಳಿ ಬಂದು ನಿಂತಿತು. ಅವಳು ಅದನ್ನು ಎತ್ತಿಕೊಂಡಳು. ಎದ್ದಳು. ಅವಸರ ಮಾಡಲಿಲ್ಲ. ಮೇಜಿನ ಮೇಲೆ ಅದುಮಿ ಹಿಡಿದಿದ್ದ ಗಂಡನ ಬಲ ಮೊಣಕೈಯನ್ನು ನೋಡಿ ಒಂದೇ ಏಟು ಹೊಡೆದಳು. ಅವನು "ಅವ್ವಾ" ಎಂದು ಅರಚಿದ ರೀತಿಗೆ ಮಾನಪ್ಪ ಗಾಬರಿಯಾಗಿ ಹಿಡಿತ ಬಿಟ್ಟ.

ಅಡುಗೆಮನೆಯ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಕೂಗಿದ ಮಗನ ಹತ್ತಿರ ಅವಳು ಬರಲಿಲ್ಲ. ಬಾಗಿಲು ಮುಚ್ಚಿಕೊಂಡು ಒಳಗೆ ಹೋದಳು. ಎಂಥ ಕಲ್ಲು ಹೆಂಗಸು ಎಂದುಕೊಂಡೆ.

ಹಾವೇರಿಯ ದೊಡ್ಡಾಸ್ಪತ್ರೆಯಲ್ಲಿ ನನ್ನ ಕೈಗೆ ಪ್ಲಾಸ್ಟರ್ ಹಾಕಿದರು. ಪೊಲೀಸರಿಗೆ ದೂರು ಬರೆಸಿದೆ. ಸಹಿ ಮಾಡಲು ಬಲಗೈ ಇರಲಿಲ್ಲ, ಹೆಬ್ಬೆಟ್ಟು ಒತ್ತಿದೆ. ಕಸ್ತೂರಿಯ ಅಣ್ಣ ಗುತ್ತಲದಿಂದ ಬಂದು ಅವಳನ್ನು ಕರೆದೊಯ್ದ. ಅವಳು ಗಂಡನ ಕೈ ಮುರಿದಳೆಂಬ ಸುದ್ದಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗಿಂತ ವೇಗವಾಗಿ ಹರಡಿತು. ಅದರ ಜೊತೆಗೆ, ಇದನ್ನೆಲ್ಲ ಕಲಿಸಿಕೊಟ್ಟವಳು ರಾಣೆಬೆನ್ನೂರಿನ ಕುರ್ಚಿಯವಳು ಎಂದೂ. ಮನೆಗೆ ಕರೆದಿದ್ದ ಇಬ್ಬರು ವ್ಯಾಪಾರಿಗಳು ಫೋನು ಎತ್ತಲಿಲ್ಲ.

ಮೂರ್ನಾಲ್ಕು ದಿನಕ್ಕೆ ಜೀಪಿನಲ್ಲಿ ಮಲ್ಲಣ್ಣನ ತಮ್ಮ ಬಂದ, ಜೊತೆಗೆ ಹಾರೆ ಹಿಡಿದ ಆಳುಗಳು. ಹಾಡಹಗಲು, ಎದುರಿನ ಚಹಾದಂಗಡಿ ತುಂಬಿತ್ತು. ಒಬ್ಬರೂ ಎದ್ದು ಬರಲಿಲ್ಲ. ಮೊದಲು ಅರ್ಧ ಮುಗಿದಿದ್ದ ಮಂಚವನ್ನು ಹಾರೆಯಿಂದ ಮೀಟಿದರು. ಆಮೇಲೆ ಪಾಲಿಷಿಗೆ ಇಟ್ಟಿದ್ದ ಮೇಜು, ಕನ್ನಡಿ, ನನ್ನ ನಕ್ಷೆಯ ಹಲಗೆ. ನಕ್ಷೆಗಳನ್ನು ಎಳೆದು ಕುದಿಯುತ್ತಿದ್ದ ಸರೇಸಿನ ಅಂಟಿನ ಬೋಗುಣಿಗೆ ತುರುಕಿದರು. ಸಾಗವಾನಿ ಹಲಗೆಯ ಅಟ್ಟಿಗೆ ಸೀಮೆಎಣ್ಣೆ ಸುರಿಯಲು ಬಂದವನ ಎದುರು ಮಾನಪ್ಪ ಬಾಚಿ ಹಿಡಿದು ನಿಂತ.

"ಬಾ. ನಿನ್ನ ಮೊಣಕಾಲಿಂದ ಸುರು ಮಾಡ್ತೀನಿ."

ಅವನು ಹೇಳಿದ್ದನ್ನು ಮಾಡಿಯೇ ಬಿಡುತ್ತಿದ್ದ. ಅದು ಬಂದವನಿಗೂ ತಿಳಿಯಿತು, ನನಗೂ. ನಾನು ಎಡಗೈಯಿಂದ ಮಾನಪ್ಪನ ಅಂಗಿ ಹಿಡಿದು ಜಗ್ಗಿದೆ. "ಬ್ಯಾಡ ಮಾನಪ್ಪಾ, ನಿನ್ನ ಕೈ ಹೋದ್ರ ನನಗ ಎರಡೂ ಕೈ ಹೋದಂಗ."

ಮಲ್ಲಣ್ಣನ ತಮ್ಮ ನನ್ನ ಮುಖದ ಹತ್ತಿರ ಬಂದು, "ಕೇಸ್ ಹಿಂದ ತಗೋ. ಇಲ್ಲಾಂದ್ರ ಮುಂದಿನ ಸಲ ಸಾಮಾನಷ್ಟ ಅಲ್ಲ" ಎಂದು ಉಗುಳಿದ. ಉಗುಳು ಪ್ಲಾಸ್ಟರಿನ ಮೇಲೆ ಬಿತ್ತು. ಎಣ್ಣೆಯ ಡಬ್ಬಿಯನ್ನು ಒದ್ದು ಹೊರಟುಹೋದರು.

ಅಪ್ಪ ಆ ಸಂಜೆ ಮುರಿದ ಕಟ್ಟಿಗೆಯ ನಡುವೆ ಕುಳಿತು ಅತ್ತರು. "ಸಾಕವಾ ಸುನಂದಾ. ಹಿಂದ ತಗೊಂಡು ಹುಬ್ಬಳ್ಳಿ ನೌಕರೀಗೆ ಹೋಗಿಬಿಡು." ನನಗೂ ಸಾಕಾಗಿತ್ತು. ಬಲಗೈಯ ಬೆರಳುಗಳು ಊದಿ ಪೆನ್ಸಿಲು ಹಿಡಿಯಲು ಬರುತ್ತಿರಲಿಲ್ಲ. ಮುಂದೆ ಬರುತ್ತದೆಯೇ ಎಂದು ಡಾಕ್ಟರೂ ಖಚಿತವಾಗಿ ಹೇಳಿರಲಿಲ್ಲ. ಹಾವೇರಿಯಲ್ಲಿ ಹಿರಿಯರು ಕೂಡಿ ರಾಜಿ ಮಾಡಿಸುತ್ತಾರೆ, ಬರಬೇಕು ಎಂದು ಹೇಳಿಕಳಿಸಿದಾಗ, ಹಿಂದೆ ತೆಗೆದುಕೊಳ್ಳಲು ಮನಸ್ಸು ಮಾಡಿಯೇ ಹೋದೆ.

ಸೇರಿದ್ದು ಮಲ್ಲಣ್ಣನ ದೊಡ್ಡಪ್ಪನ ಹಳೆಯ ಮನೆಯ ಪಡಸಾಲೆಯಲ್ಲಿ. ಒಂದು ಕಡೆ ಬಿಳಿ ಅಂಗಿಯ ಹಿರಿಯರು, ಅವರ ಪಕ್ಕ ಮುರಿದ ಬಲಗೈಗೆ ಜೋಳಿಗೆ ಕಟ್ಟಿಕೊಂಡ ಮಲ್ಲಣ್ಣ. ಇನ್ನೊಂದು ಕಡೆ ಕಸ್ತೂರಿ, ಅವಳ ಅಣ್ಣ, ನಾನು, ಅಪ್ಪ. ನೀಲವ್ವ ತಲೆ ತುಂಬ ಸೆರಗು ಹೊದ್ದು ಕಂಬದ ಹಿಂದೆ ಕುಳಿತಿದ್ದಳು. ಎಲ್ಲ ಮೊದಲೇ ತೀರ್ಮಾನವಾಗಿತ್ತು. ನಾನು ದೂರು ಹಿಂದೆ ತೆಗೆದುಕೊಳ್ಳುವುದು. ಕಸ್ತೂರಿ ಗಂಡನ ಕಾಲು ಮುಟ್ಟಿ ತಪ್ಪಾಯಿತೆಂದು ಹೇಳಿ ಮನೆಗೆ ಮರಳುವುದು.

"ಗಂಡನ ಮ್ಯಾಲ ಕೈ ಎತ್ತೋದು ಯಾವ ಮನೀ ರೀತಿ?" ದೊಡ್ಡಪ್ಪ ಕೇಳಿದ. ಕಸ್ತೂರಿಯ ಅಣ್ಣ ತಲೆ ತಗ್ಗಿಸಿ, "ಹೋಗವಾ, ಮುಟ್ಟಿಬಿಡು, ಮುಗದ ಹೊಕ್ಕೈತಿ" ಎಂದು ಪಿಸುಗುಟ್ಟಿದ. ಅವಳು ಎದ್ದಳು. ಭುಜದ ನೋವಿಗೆ ಒಂದು ಕಡೆ ವಾಲಿ ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟಳು.

"ನನ್ನೂ ಒಂದ ಮಾತು ಕೇಳ್ರಿ."

ಯಾರ ದನಿಯೆಂದು ಮೊದಲು ತಿಳಿಯಲಿಲ್ಲ. ನೀಲವ್ವ ಕಂಬ ಹಿಡಿದು ಎದ್ದಿದ್ದಳು. ಗಂಡನ ಅಣ್ಣನ ಎದುರು ಅವಳು ಬಾಯಿಬಿಟ್ಟದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲವಂತೆ.

"ಹೇಳು ನೀಲವ್ವಾ, ನೀ ಅಲ್ಲೇ ಇದ್ದಿ" ಎಂದ ದೊಡ್ಡಪ್ಪ. "ನಿನ್ನ ಮಗಗ ಆಕಿ ಹೊಡದಾಳೋ ಇಲ್ಲೋ?"

"ಹೊಡದಾಳ್ರಿ. ಕಣ್ಣಾರೆ ನೋಡೇನಿ."

ಮಲ್ಲಣ್ಣ ನೆಟ್ಟಗೆ ಕುಳಿತ.

"ಖರೇ ಅಂದ್ರ ಆ ಏಟು ನಾ ಹೊಡೀಬೇಕಾಗಿತ್ರಿ. ಮೊದಲ್ನೇ ಸಲ ಹೆಂಡ್ತಿ ಮ್ಯಾಲ ಕುರ್ಚಿ ಎತ್ತಿದ ದಿನಾನ ಆ ಕೈ ನಾ ಮುರೀಬೇಕಿತ್ತು. ನಾ ಬಾಗಲಾ ಹಾಕ್ಕೊಂಡು ಒಳಗ ಕುಂತೆ. ಯಾಕಂದ್ರ ಅದನ್ನ ಎಲ್ಲಿ ಕಲತಾನಂತ ನನಗ ಗೊತ್ತಿತ್ತು." ಅವಳು ಸೆರಗನ್ನು ತಲೆಯಿಂದ ಸರಿಸಿದಳು. ಹಣೆಯ ಮೇಲೆ ಕೂದಲಿನವರೆಗೆ ಹೋದ ಹಳೆಯ ಬಿಳಿ ಗೆರೆಯೊಂದು ಕಂಡಿತು. "ಭಾವನೋರ, ನಿಮ್ಮ ತಮ್ಮ ನನಗ ಇದನ್ನ ಮಾಡೋ ಮುಂದ ನೀವು ಇದ ಪಡಸಾಲ್ಯಾಗ ಕುಂತು ಅಡಕಿ ಹಾಕ್ಕೊಳ್ಳಾಕತ್ತಿದ್ರಿ. ಆವತ್ತು ಯಾವ ಹಿರೇರೂ ಕೂಡಲಿಲ್ಲ."

ದೊಡ್ಡಪ್ಪ ಏನೋ ಹೇಳಲು ಹೋಗಿ ಕೆಮ್ಮಿದ. ಮಲ್ಲಣ್ಣ, "ಅವ್ವಾ, ಸುಮ್ಕಿರು" ಎಂದ. ಅವನ ದನಿ ಚಿಕ್ಕ ಹುಡುಗನದಾಗಿತ್ತು. ನೀಲವ್ವ ಅವನ ಕಡೆ ನೋಡದೆ ಕಸ್ತೂರಿಯ ಚೀಲ ಎತ್ತಿಕೊಂಡು, "ನಡೀ" ಎಂದಳು. ಕಸ್ತೂರಿ ಯಾರ ಕಾಲನ್ನೂ ಮುಟ್ಟದೆ ಹೊಸ್ತಿಲು ದಾಟಿದಳು. ನಾನೂ ಎದ್ದೆ. ಅಪ್ಪ ನನ್ನ ಮುಖ ನೋಡಿ, ಏನೂ ಕೇಳದೆ, ನನ್ನ ಚಪ್ಪಲಿ ಹುಡುಕಿ ತಂದಿಟ್ಟರು.

ದೂರು ಹಾಗೇ ಉಳಿಯಿತು. ಕೇಸು ಎಳೆದಾಡಿ, ಕೊನೆಗೆ ಮಲ್ಲಣ್ಣ ತಪ್ಪಿತಸ್ಥನೆಂದಾಯಿತು; ಶಿಕ್ಷೆ ಹೇಳಿಕೊಳ್ಳುವಂಥದ್ದಲ್ಲ. ಕಸ್ತೂರಿ ಮತ್ತೆ ಆ ಮನೆಗೆ ಹೋಗಲಿಲ್ಲ. ನನ್ನ ಕೈ ಕೂಡಿತು, ತುಸು ಸೊಟ್ಟಗೆ. ಆ ಬೇಸಿಗೆಯೆಲ್ಲ ಮಾನಪ್ಪ ಮುರಿದದ್ದನ್ನು ಜೋಡಿಸುತ್ತಿದ್ದರೆ ನಾನು ಎಡಗೈಯಲ್ಲಿ ಗೆರೆ ಎಳೆಯುವುದನ್ನು ಕಲಿತೆ. ಮಳೆ ಹಿಡಿದ ಮೇಲೆ ಹಲಗೇರಿಯ ಒಬ್ಬ ಟೀಚರು, ಮಂಡಿನೋವಿನ ತಾಯಿಗೆ ಕೂತು ಅಡುಗೆ ಮಾಡುವಂಥ ಕಟ್ಟೆ ಬೇಕೆಂದು ಕೇಳಿಕೊಂಡು ಬಂದರು. ಆಮೇಲೆ ಅವರ ಪರಿಚಯದವರು. ಕ್ಯಾಟಲಾಗು ನಾನು ಮತ್ತೆ ತೆರೆಯಲಿಲ್ಲ. ಇಂದಿಗೂ ಹೊಸ ಮನೆಗೆ ಹೋದರೆ ಗೋಡೆಯ ಅಳತೆಗಿಂತ ಮೊದಲು ಹಳೆಯ ಸಾಮಾನು ಎಲ್ಲೆಲ್ಲಿ ಮುರಿದಿದೆ ಎಂದು ನೋಡುತ್ತೇನೆ.

ಹಾವೇರಿಯ ಆ ಮಧ್ಯಾಹ್ನ ನಾವೆಲ್ಲ ಬಸ್ ನಿಲ್ದಾಣದವರೆಗೆ ನಡೆದೇ ಹೋದೆವು. ಗುತ್ತಲದ ಬಸ್ಸು ಹೊರಡಲು ನಿಂತಿತ್ತು. ನೀಲವ್ವ ಸೊಸೆಯನ್ನು ಕಿಟಕಿ ಪಕ್ಕ ಕೂರಿಸಿ, ಚೀಲವನ್ನು ಅವಳ ಮಡಿಲಲ್ಲಿಟ್ಟು ಕೆಳಗಿಳಿದಳು. ಕಸ್ತೂರಿ ಕಿಟಕಿಯಿಂದ ಕೈ ಚಾಚಿ, "ನೀವೂ ಬರ್ರಿ ಅತ್ತಿ. ಆ ಮನ್ಯಾಗ ಇನ್ನ ನಿಮ್ಮನ್ನ ಬಿಡಂಗಿಲ್ಲ ಅವ್ರು" ಎಂದಳು. ಬಸ್ಸು ಅಲುಗಿತು. ನೀಲವ್ವ ಆ ಕೈಯನ್ನು ಒಳಗೆ ತಳ್ಳಿದಳು.

"ನೀ ಹೋಗವಾ. ಹೊಳ್ಳಿ ಬರಬ್ಯಾಡ." ಆಮೇಲೆ ಬ್ಯಾಡಗಿಯ ಬಸ್ಸು ನಿಲ್ಲುವ ಕಡೆಗೆ ತಿರುಗುತ್ತ, ಯಾರಿಗೆಂದಿಲ್ಲದೆ ಹೇಳಿದಳು: "ಅವಗ ಎಡಗೈಲೆ ಉಣ್ಣಾಕ ಬರಂಗಿಲ್ಲ."